ಮಾರಿದ ಮೇಲೂ ಮುಗಿಯದ ಹೊಣೆ



ವ್ಯಾಪಾರವು ಇಂದು ಅಂಗಡಿಯ ಹೊಸ್ತಿಲು ದಾಟಿ ಮನೆಯೊಳಗೆ ಬಂದಿದೆ. ಜಗಳೂರಿನ ಒಬ್ಬ ಯುವಕನು ತಾನು ಎರಡು ವರ್ಷ ಬಳಸಿದ ಮೊಬೈಲಿನ ನಾಲ್ಕು ಫೋಟೋ ತೆಗೆದು ಓಎಲ್‌ಎಕ್ಸ್‌ನಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಹಾಕುತ್ತಾನೆಂದು ಇಟ್ಟುಕೊಳ್ಳಿ. ದಾವಣಗೆರೆಯ ಅಪರಿಚಿತನೊಬ್ಬ ಬಂದು ಅದನ್ನು ಕೊಂಡೊಯ್ಯುತ್ತಾನೆ. ಮೂರನೆಯ ದಿನ ಅವನ ಕರೆ ಬರುತ್ತದೆ. ಬ್ಯಾಟರಿ ಎರಡು ಗಂಟೆಯೂ ನಿಲ್ಲುತ್ತಿಲ್ಲ, ನನಗೆ ಮೋಸವಾಗಿದೆ ಎನ್ನುತ್ತಾನೆ. ಮಾತು ಸ್ವಲ್ಪ ಬಿರುಸಾಗಿಯೇ ಇರುತ್ತದೆ.

ಆಗ ನಮ್ಮಲ್ಲಿ ಹಲವರ ಉತ್ತರ ಸಿದ್ಧವಾಗಿರುತ್ತದೆ: ಹಳೆಯ ವಸ್ತು, ನೋಡಿಯೇ ಕೊಂಡಿದ್ದೀರಿ, ಇನ್ನು ನನ್ನನ್ನು ಕೇಳಬೇಡಿ. ಇನ್ನು ಕೆಲವರು ನಂಬರನ್ನೇ ಬ್ಲಾಕ್ ಮಾಡಿಬಿಡುತ್ತಾರೆ. ಕರೆ ನಿಲ್ಲುತ್ತದೆ ನಿಜ. ಆದರೆ ಕೊಂಡವನ ಹಕ್ಕು ನಿಲ್ಲುತ್ತದೆಯೇ? ಇಲ್ಲಿ ಇತ್ಯರ್ಥವಾಗದ ಹಕ್ಕು ಪರಲೋಕದ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ರೂಪಾಯಿ ನಡೆಯುವುದಿಲ್ಲ, ಸತ್ಕರ್ಮಗಳಿಂದಲೇ ಸಾಲ ತೀರಿಸಬೇಕಾಗುತ್ತದೆ.

ದೂರು ಹೇಳುವವನ ಬಿರುಸು ಮಾತನ್ನು ಹೇಗೆ ಸ್ವೀಕರಿಸಬೇಕೆಂಬುದನ್ನು ಪ್ರವಾದಿವರ್ಯರು(ಸ) ಸ್ವತಃ ತೋರಿಸಿಕೊಟ್ಟಿದ್ದಾರೆ. ಅವರಿಗೆ ಒಂಟೆಯನ್ನು ಸಾಲ ಕೊಟ್ಟಿದ್ದ ಒಬ್ಬನು ಬಂದು ಒರಟಾಗಿ ಅದನ್ನು ಮರಳಿ ಕೇಳಿದನು. ಸಂಗಾತಿಗಳು ಅವನ ಮೇಲೆ ಏರಿ ಹೋಗಲು ಮುಂದಾದರು. ಪ್ರವಾದಿ(ಸ)ರು ಅವರನ್ನು ತಡೆದರು. ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆಯೆಂದು ತಿಳಿಸಿದರು. ಅವನ ಒಂಟೆಯ ವಯಸ್ಸಿನದೇ ಸಿಗದಿದ್ದಾಗ ಅದಕ್ಕಿಂತ ಉತ್ತಮವಾದುದನ್ನು ಕೊಡಿಸಿದರು. ಇದು ಬುಖಾರಿಯಲ್ಲಿ ವರದಿಯಾಗಿದೆ. ಆದ್ದರಿಂದ ದೂರನ್ನು ಅಪಮಾನವೆಂದು ತಿಳಿಯದೆ ಮೊದಲು ಪೂರ್ತಿ ಕೇಳಬೇಕು.

ಇನ್ನು ಬ್ಯಾಟರಿಯ ವಿಷಯಕ್ಕೆ ಬರೋಣ. ಕುರಿ, ಹಸು ಸಾಕುವ ನಮ್ಮ ಸೀಮೆಯವರಿಗೆ ಒಂದು ಹದೀಸ್ ಬೇಗ ಅರ್ಥವಾಗುತ್ತದೆ. ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ಹಾಗೆ ಮೋಸಹೋದವನು ಆ ಪ್ರಾಣಿಯನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಕರೆದುಕೊಂಡ ಹಾಲಿಗೆ ಪ್ರತಿಯಾಗಿ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸಬಹುದು. ಮುಸ್ಲಿಮ್‌ನ ಒಂದು ವರದಿಯಲ್ಲಿ ಇದಕ್ಕೆ 3 ದಿನಗಳ ಅವಧಿಯಿದೆ. ಈ ವಿಧಿಯ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಆ ಕೃತ್ಯ ವಂಚನೆಯೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಸೋತ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ತೋರಿಸುವುದು, ನೀರಿಗೆ ಬಿದ್ದ ಫೋನನ್ನು ಒಣಗಿಸಿ ಮಾರುವುದು, ಬದಲಾಯಿಸಿದ ಡಿಸ್‌ಪ್ಲೇಯನ್ನು ಕಂಪೆನಿಯದೇ ಎನ್ನುವುದು ಆ ತುಂಬಿದ ಕೆಚ್ಚಲಿಗಿಂತ ಹೇಗೆ ಬೇರೆ?

ಕುರ್‌ಆನಿನ ಅನ್ನಿಸಾ ಅಧ್ಯಾಯದ 29ನೇ ಸೂಕ್ತವು ಪರರ ಸೊತ್ತು ನಮಗೆ ಸಲ್ಲಬೇಕಾದರೆ ಪರಸ್ಪರ ಸಮ್ಮತಿಯ ವ್ಯಾಪಾರವಿರಬೇಕೆಂದು ಕಲಿಸುತ್ತದೆ. ಕೊಂಡವನು ಸಮ್ಮತಿಸಿದ್ದು ನಾವು ವರ್ಣಿಸಿದ ಫೋನಿಗೆ. ನಾವು ಬಚ್ಚಿಟ್ಟ ದೋಷಕ್ಕೆ ಅವನ ಸಮ್ಮತಿ ಎಲ್ಲಿದೆ?

ಇದ್ದ ಹಾಗೆ ಕೊಟ್ಟಿದ್ದೇನೆ, ಯಾವ ದೋಷಕ್ಕೂ ನಾನು ಹೊಣೆಯಲ್ಲವೆಂದು ಮೊದಲೇ ಹೇಳಿದ್ದೆ ಎನ್ನುವವರಿದ್ದಾರೆ. ಹ. ಅಬ್ದುಲ್ಲಾ ಬಿನ್ ಉಮರ್(ರ) ಅವರ ಒಂದು ಘಟನೆ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಗುಲಾಮಗಿರಿ ಇದ್ದ ಆ ಕಾಲದಲ್ಲಿ ಅವರು ಒಬ್ಬ ಗುಲಾಮನನ್ನು ಇದೇ ಶರತ್ತಿನ ಮೇಲೆ 800 ದಿರ್ಹಮಿಗೆ ಮಾರಿದ್ದರು. ಕೊಂಡವನು ತನಗೆ ತಿಳಿಸದ ರೋಗವಿದೆಯೆಂದು ದೂರಿದನು. ವ್ಯಾಜ್ಯ ಖಲೀಫಾ ಉಸ್ಮಾನ್(ರ) ಅವರ ಮುಂದೆ ಬಂತು. ಮಾರುವಾಗ ದೋಷ ತಮಗೆ ತಿಳಿದಿರಲಿಲ್ಲವೆಂದು ಆಣೆ ಮಾಡುವಂತೆ ಅವರು ಆಜ್ಞಾಪಿಸಿದರು. ಇಬ್ನು ಉಮರ್(ರ) ಆಣೆಗೆ ಒಪ್ಪದೆ ಹಿಂದಕ್ಕೆ ತೆಗೆದುಕೊಂಡರು. ಆ ಗುಲಾಮನು ಗುಣಮುಖನಾದ ಮೇಲೆ ಅವರಿಗೆ 1500 ದಿರ್ಹಮ್ ದೊರೆಯಿತು. ನಮ್ಮ ಮುಂದೆಯೂ ಅದೇ ಪ್ರಶ್ನೆಯನ್ನು ಇಟ್ಟುಕೊಳ್ಳೋಣ: ಈ ದೋಷ ನನಗೆ ತಿಳಿದಿರಲಿಲ್ಲವೆಂದು ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಬಲ್ಲೆನೇ?

ಹೇಳಲಾರೆನೆಂದಾದರೆ ದಾರಿ ಸ್ಪಷ್ಟ. ವಸ್ತುವನ್ನು ಮರಳಿ ಪಡೆದು ಹಣ ಹಿಂದಿರುಗಿಸಬೇಕು, ಅವನ ಬಸ್ಸಿನ ಖರ್ಚನ್ನೂ ಕೊಡುವುದು ಒಳ್ಳೆಯದು. ದೋಷ ನಿಜಕ್ಕೂ ತಿಳಿದಿರಲಿಲ್ಲ, ಆದರೆ ಮಾರುವ ಮೊದಲೇ ಇತ್ತು ಎಂದಾದರೆ ಪಾಪವಿಲ್ಲ. ಆದರೂ ಎಲ್ಲ ದೋಷಗಳಿಗೂ ಒಪ್ಪಿ ಕೊಂಡಿರದಿದ್ದರೆ ಹಿಂದಿರುಗಿಸುವ ಆಯ್ಕೆ ಕೊಂಡವನಿಗಿದೆ. ಇದನ್ನು ಫಿಕ್ಹ್‌ನಲ್ಲಿ ಖಿಯಾರುಲ್ ಐಬ್ ಎನ್ನುತ್ತಾರೆ. ಇಬ್ಬರೂ ಒಪ್ಪಿದರೆ ಬೆಲೆ ಇಳಿಸಿಕೊಂಡು ರಾಜಿಯಾಗಬಹುದು. ಫೋನು ಅವನ ಕೈಯಲ್ಲೇ ಬಿದ್ದು ಕೆಟ್ಟಿದ್ದರೆ ನಮಗೆ ಬಾಧ್ಯತೆಯಿಲ್ಲ, ಅದನ್ನು ಮೃದುವಾಗಿ ತಿಳಿಸಬೇಕು. ಯಾವಾಗ ಕೆಟ್ಟಿತೆಂಬುದೇ ವಿವಾದವಾದರೆ ಇಬ್ಬರೂ ನಂಬುವ ರಿಪೇರಿಯವನಿಗೆ ತೋರಿಸಲಿ. ಯಾವ ದೋಷವೂ ಇಲ್ಲದೆ ಕೊಂಡವನು ಬರೀ ಪಶ್ಚಾತ್ತಾಪದಿಂದ ಬಂದರೂ ವ್ಯಾಪಾರವನ್ನು ರದ್ದು ಮಾಡಿಕೊಡುವವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆ ಹದೀಸ್‌ನಲ್ಲಿದೆ.

ಕೊಂಡವನಿಗೂ ಹೊಣೆಯಿದೆ. ತಾನೇ ಕೆಡಿಸಿ ಮಾರಿದವನ ಮೇಲೆ ಹೊರಿಸುವುದು, ದೋಷ ಕಂಡ ಮೇಲೂ ತಿಂಗಳುಗಟ್ಟಲೆ ಬಳಸಿ ಪೂರ್ತಿ ಹಣ ಕೇಳುವುದು ಅನ್ಯಾಯ. ಹಾಲಿಗೆ ಖರ್ಜೂರ ಕೊಡಿಸಿದ ಆ ಹದೀಸ್‌ನಲ್ಲಿ ಕೊಳ್ಳುವವನಿಗೂ ಪಾಠವಿದೆ.

ದೇಶದ ಕಾನೂನೂ ಇದರಲ್ಲಿ ಮೌನವಾಗಿಲ್ಲ. ಬಳಸಿದ ವಸ್ತುಗಳನ್ನು ಕಸುಬಾಗಿ ಮಾರುವವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆದರೆ ಮನೆಯ ಹಳೆಯ ಟಿ.ವಿ.ಯನ್ನು ಒಮ್ಮೆ ಮಾರಿದವನನ್ನು ಆಯೋಗದವರೆಗೆ ಎಳೆಯುವುದು ಸುಲಭವಲ್ಲ. ಅಲ್ಲಿ ಕಾವಲಿರುವುದು ತಖ್ವಾ ಮಾತ್ರ.

ನಮ್ಮ ವಸ್ತುವನ್ನು ಕೊಳ್ಳುವವರಲ್ಲಿ ಅನೇಕರು ಮುಸ್ಲಿಮೇತರ ಸಹೋದರರು. ಅವರು ನಮ್ಮ ನಮಾಝನ್ನು ಕಂಡಿರಲಾರರು, ನಮ್ಮ ಗ್ರಂಥವನ್ನು ಓದಿರಲಾರರು. ಫೋನ್ ಕೆಟ್ಟ ದಿನ ನಾವು ಕೊಡುವ ಉತ್ತರವೇ ಅವರು ಕಾಣುವ ಇಸ್ಲಾಮ್. ಆದ್ದರಿಂದ ಮಾರುವ ಮುನ್ನ ದೋಷವನ್ನು ಬರೆದೇ ತಿಳಿಸಿರಿ, ಬಿಲ್ ಮತ್ತು ಐಎಂಇಐ ಸಂಖ್ಯೆಯನ್ನು ಕೊಡಿರಿ, ಕೆಲವು ದಿನ ಪರೀಕ್ಷಿಸಲು ಅವಕಾಶ ನೀಡಿರಿ. ಇದರಿಂದ ಐನೂರು ರೂಪಾಯಿ ಕಡಿಮೆ ಬರಬಹುದು. ಆದರೆ ಸತ್ಯ ಹೇಳಿ ಮಾರಿದವರ ವ್ಯವಹಾರದಲ್ಲಿ ಬರಕತ್ ಇರುವುದೆಂದೂ ಬಚ್ಚಿಟ್ಟವರಿಂದ ಅದು ಅಳಿಸಿಹೋಗುವುದೆಂದೂ ಪ್ರವಾದಿ(ಸ)ರು ತಿಳಿಸಿದ್ದಾರೆ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಪರರ ಹಕ್ಕನ್ನು ಈ ಲೋಕದಲ್ಲೇ ತೀರಿಸುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.