ಕಾರಣ ಹುಡುಕುವುದೇ ಧಮ್ಮ



ಬಂಧುಗಳೇ, ದೂಧಗಂಗಾ, ವೇದಗಂಗಾ ತುಂಬಿದರೆ ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ ತೀರದ ಜನರನ್ನು ದಾಟಿಸಿದ್ದು ಎಂಜಿನ್ ದೋಣಿಗಳು.

ಅಂಥ ಎಂಜಿನ್ ಕೆಲವೊಮ್ಮೆ ನಿಂತಲ್ಲಿ ಚೆನ್ನಾಗಿ ಓಡುತ್ತದೆ, ರೇಸ್ ಕೊಟ್ಟೊಡನೆ ತಡವರಿಸುತ್ತದೆ. ನಿಂಬೆಹಣ್ಣು ಕಟ್ಟಿದರೆ ಅದು ಸರಿಹೋಗದು. ಟ್ಯಾಂಕಿನ ಗಾಳಿತೂತು ಮುಚ್ಚಿದೆಯೇ, ಪೈಪು ಮಡಚಿದೆಯೇ, ಫಿಲ್ಟರಿನಲ್ಲಿ ಕಸವಿದೆಯೇ, ಪೆಟ್ರೋಲಿಗೆ ನೀರು ಸೇರಿದೆಯೇ, ಪ್ಲಗ್ ಮತ್ತು ಕಾರ್ಬೊರೇಟರ್ ಸ್ವಚ್ಛವಿವೆಯೇ ಎಂದು ಒಂದೊಂದಾಗಿ ನೋಡಬೇಕು. ನಿಧಾನಕ್ಕೆ ಸಾಲುವಷ್ಟು ಪೆಟ್ರೋಲು ವೇಗಕ್ಕೆ ಸಾಲುವುದಿಲ್ಲ. ಅದಕ್ಕೇ ದೋಷ ಬಯಲಾಗುವುದು ಭಾರ ಬಿದ್ದಾಗ.

ಪ್ರತಿ ಘಟನೆಗೂ ಕಾರಣವಿದೆ, ಅದು ಮನುಷ್ಯರ ಕೆಲಸ ಇಲ್ಲವೇ ನಿಸರ್ಗದ ನಿಯಮ. ಬುದ್ಧರ ಈ ವಿಚಾರವನ್ನು ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ.

ಶಾಲೆಯಲ್ಲಿ ನಾನು ಇದನ್ನೇ ಕಾಣುತ್ತೇನೆ. ಏಳನೆಯ ತರಗತಿವರೆಗೆ ಚೆನ್ನಾಗಿ ಓದಿದ ಹುಡುಗಿ ಎಂಟರಲ್ಲಿ ತಡವರಿಸುತ್ತಾಳೆ. ‘ಅಕೀ ಹಣೇಬರಾನ ಇಷ್ಟ ಐತ್ರಿ ಸರ್’ ಅನ್ನುತ್ತಾರೆ ಮನೆಯವರು. ವಿಚಾರಿಸಿದರೆ, ಒಬ್ಬಳು ರಾತ್ರಿ ಹನ್ನೊಂದರವರೆಗೆ ತಾಯಿಯ ಜೊತೆ ಬೀಡಿ ಕಟ್ಟುತ್ತಾಳೆ. ಇನ್ನೊಬ್ಬಳಿಗೆ ಬೋರ್ಡಿನ ಅಕ್ಷರವೇ ಕಾಣುವುದಿಲ್ಲ, ಕನ್ನಡಕ ಬೇಕು.

ಹಣೆಬರಹ ಎಂದೊಡನೆ ಹುಡುಕಾಟ ನಿಲ್ಲುತ್ತದೆ. ನಮ್ಮ ಹಿರಿಯರನ್ನು ತಲೆಮಾರುಗಟ್ಟಲೆ ದಡದಲ್ಲೇ ಕಟ್ಟಿಹಾಕಿದ್ದು ಈ ಮಾತೇ. ಆ ಹಗ್ಗವನ್ನು ಬಾಬಾಸಾಹೇಬರು ಬಿಚ್ಚಿದ್ದಾರೆ, ನಾವು ಮಕ್ಕಳಿಗೆ ಮತ್ತೆ ಕಟ್ಟುವುದು ಬೇಡ.

ಇಂದು ಮನೆಯಲ್ಲಿ ಯಾರಾದರೂ ತಡವರಿಸಿದರೆ ಬೈಯಬೇಡಿ. ಪಕ್ಕದಲ್ಲಿ ಕುಳಿತು ಕಾರಣ ಕೇಳಿ.

ಜೈಭೀಮ್.