ಸಿಂಕಿನ ಕೆಳಗಿನ ಇಟ್ಟಿಗೆ

ಕೊಳ್ಳೇಗಾಲದ ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಬೀಡುಕಬ್ಬಿಣದ ಒಂದು ಸಿಂಕ್ ಇತ್ತು. ಕಳೆದ ಬೇಸಿಗೆಯಲ್ಲಿ ನಾವು ಅಣ್ಣತಮ್ಮಂದಿರು ಸೇರಿ ಅದನ್ನು ಕಿತ್ತೆವು. ಇದು ಹೇಳಿಕೊಳ್ಳುವಂಥ ಸಂಗತಿಯೇನಲ್ಲ. ಆದರೆ ಕೆಲಸ ಮುಗಿದು ಕೈ ತೊಳೆದುಕೊಂಡ ಮೇಲೂ ಒಂದು ಪ್ರಶ್ನೆ ಮಾತ್ರ ನಮ್ಮಿಂದ ತೊಳೆದುಹೋಗಲಿಲ್ಲ. ಅದಕ್ಕಾಗಿ ಈ ಬರಹ.

ನಮ್ಮ ಕಡೆಯ ಮನೆಗಳಿಗೆ ಸಿಂಕ್ ಬಂದದ್ದು ತೀರಾ ಈಚೆಗೆ. ಅದಕ್ಕೆ ಮುಂಚೆ ಮುಸುರೆ ಪಾತ್ರೆ ತಿಕ್ಕಲು ಅಡುಗೆಕೋಣೆಯ ಮೂಲೆಯಲ್ಲೊಂದು ತಗ್ಗು, ಅದರ ಗೋಡೆಗೊಂದು ತೂತು, ಒಂದು ಹಿಡಿ ಬೂದಿ, ತೆಂಗಿನ ನಾರು ಇದ್ದರೆ ಸಾಕಾಗುತ್ತಿತ್ತು. ಆ ಜಾಗಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ 'ಮೋರಿ' ಎನ್ನುತ್ತೇವೆ. ಬೀದಿಗೆ ಬಂದರೆ ಅದೇ ಮಾತು ಕನ್ನಡದಲ್ಲಿ ಚರಂಡಿಗೂ ಸಲ್ಲುತ್ತದೆ. ಯಳಂದೂರಿನ ನಮ್ಮ ನಾನಿಯ ಮನೆಯಲ್ಲಿ ಕಲ್ಲುಬಾನಿಯ ಪಕ್ಕ ಹಾಸುಗಲ್ಲಿನ ಮೇಲೆ ಕುಳಿತು ಪಾತ್ರೆ ಬೆಳಗುತ್ತಿದ್ದರು. ಹನೂರಿನ ನಮ್ಮ ಅಕ್ಕ ಇಂದಿಗೂ ಮಣೆ ಹಾಕಿಕೊಂಡು ಮೋರಿಯ ಮುಂದೆ ಕೂರುತ್ತಾಳೆ.

ಅಂಥದ್ದರಲ್ಲಿ ನಮ್ಮ ಮನೆಗೆ ಬೀಡಿನ ಸಿಂಕ್ ಬಂದ ಬಗೆಯೇ ಒಂದು ಕಥೆ. ದಾದಾ ರೇಷ್ಮೆ ನೂಲು ಬಿಚ್ಚುವ ಕಸುಬಿನವರು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಅದಕ್ಕೂ ಮುಂಚೆ ಯಾವುದೋ ಬಂಗಲೆಯ ಹಳೇ ಸಾಮಾನಿನ ಹರಾಜಿನಲ್ಲಿ ದಾದಾ ಅದನ್ನು ಕೊಂಡು ಎತ್ತಿನ ಗಾಡಿಯಲ್ಲಿ ತಂದರಂತೆ. ಒಳಗೆಲ್ಲ ಹಾಲಿನಂಥ ಬಿಳಿ ಎನಾಮಲ್. ನೋಡಲು ಬೀದಿಯೇ ಬಂದಿತ್ತೆಂದು ಅಬ್ಬಾ ಹೇಳುತ್ತಿದ್ದರು. ದಾದಾ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ ಹೊಡೆಸಿ, ತಾವೇ ಮುಂದೆ ನಿಂತು ಎತ್ತರದ ಅಳತೆ ಕೊಟ್ಟು, ಅದನ್ನು ಕೂರಿಸಿದರು. ದಾದಾ ಆರಡಿ ಆಳು.

ಬೀಡು ಎಂಬುದು ವಿಚಿತ್ರ ಲೋಹ. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಹಾಗಾಗಿ ಸುಲಭವಾಗಿ ಕರಗಿ ಅಚ್ಚಿಗೆ ಹರಿಯುತ್ತದೆ, ಎಂಥ ಭಾರವನ್ನೂ ತಾಳುತ್ತದೆ, ಆದರೆ ಬಾಗುವುದಿಲ್ಲ. ಜೋರಾಗಿ ಬಡಿದರೆ ಸೀಳಿಬಿಡುತ್ತದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಿಲಿನ ಉರಿಯಲ್ಲಿ ಬೀಡು ಇಳಿಸತೊಡಗಿದ ಮೇಲೆ ಅಲ್ಲಿ ನೀರಿನ ಕೊಳವೆಗಳನ್ನೂ ಎರಕ ಹೊಯ್ದರು. ನಮ್ಮ ಸಿಂಕ್ ಎಲ್ಲಿಯದೋ, ಅದರ ಮೈಮೇಲೆ ಹೆಸರಿರಲಿಲ್ಲ. ಇತ್ತೀಚೆಗೆ ಎನಾಮಲ್ ಎದ್ದು, ತೂತಿನ ಸುತ್ತ ತುಕ್ಕು ಹಿಡಿದು, ಕೆಳಗೆ ತೊಟ್ಟಿಕ್ಕುತ್ತಿತ್ತು. ಹೊಸದು ಹಾಕಿಸುವುದೆಂದು ತೀರ್ಮಾನವಾಯಿತು.

ಪ್ಲಂಬರ್ ಬಂದು ನೋಡಿದ. ಕೀಳಲು ಒಂದು ಕೂಲಿ, ಹೊಸದು ಕೂರಿಸಲು ಇನ್ನೊಂದು ಕೂಲಿ ಎಂದ. ಕೀಳುವುದಕ್ಕೇಕೆ ಕೂಲಿ, ನಾವೇ ಕೀಳುತ್ತೇವೆ ಎಂದೆವು. ಅವನು ನಕ್ಕು, “ಆಗದ ಕೆಲ್ಸ ಏನಲ್ಲ ಬುಡಿ ಸಾರ್. ಆದ್ರೆ ಸುತ್ತಿಗೆ ತಕ್ಕೊಂಡು ಚಚ್ಚಕ್ಕೆ ಹೋಗ್ಬೇಡಿ. ಎನಾಮಲ್ಲು ಗಾಜಿದ್ದಂಗೆ, ಕಣ್ಗೆ ಸಿಡಿತದೆ” ಎಂದು ಹೇಳಿ ಹೋದ. ಕೂಲಿ ಕೈತಪ್ಪಿದರೂ ಬುದ್ಧಿಮಾತನ್ನು ಬಿಟ್ಟಿಯಾಗಿ ಕೊಟ್ಟು ಹೋದ.

ಮೊದಲು ನೀರಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹೊರಬಿಟ್ಟೆವು. ಕೆಳಗೆ ಬಕೆಟ್ ಇಟ್ಟು ಬಗ್ಗಿದ ಪೈಪನ್ನು ಬಿಚ್ಚಲು ಹೋದರೆ ನಟ್ಟು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಕೊನೆಗೆ ಆಕ್ಸಾ ಬ್ಲೇಡಿನಲ್ಲಿ ಕೊಯ್ದೆವು. ಆ ಬಾಗಿದ ಪೈಪಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ವಾಸನೆ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು ಇಂಥ ಬಾಗುಕೊಳವೆಯ ಶೌಚಾಲಯಕ್ಕೆ ಹಕ್ಕುಪತ್ರ ಪಡೆದಿದ್ದ. ಪೈಪು ಕಳಚಿದ ಕೂಡಲೇ ಬಂದ ನಾತಕ್ಕೆ ನಾವಿಬ್ಬರೂ ಹಿತ್ತಲಿಗೆ ಓಡಿದೆವು. ಮೂಗು ಕಟ್ಟಿಕೊಂಡು ಬಂದು ತೂತಿಗೆ ಬಟ್ಟೆ ತುರುಕಿದೆವು. ಆಮೇಲೆ ಚಾಣ ಹಿಡಿದು ಗೋಡೆಯಂಚಿನ ಸಿಮೆಂಟನ್ನು ಬಿಡಿಸಿ, ಕೆಳಗೆ ಮರದ ಬೆಂಚು ಕೊಟ್ಟು, ಇಬ್ಬರೂ ಉಸಿರು ಬಿಗಿಹಿಡಿದು ಅದನ್ನು ಮುಂದಕ್ಕೆ ವಾಲಿಸಿ ಇಳಿಸಿದೆವು. ಗುಜರಿಯ ತಕ್ಕಡಿಯಲ್ಲಿ 46 ಕಿಲೋ ತೂಗಿತು.

ಅಂದು ಸಂಜೆ ನಮಗೆ ಹೆಮ್ಮೆಯೋ ಹೆಮ್ಮೆ. ಪ್ರವಾದಿಯವರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸಕ್ಕೆ ಕೈಹಾಕುತ್ತಿದ್ದರು ಎಂದು ಮದರಸದಲ್ಲಿ ಕಲಿತವರು ನಾವು. ಗಾಂಧೀಜಿ ಆಶ್ರಮದ ಪಾಯಖಾನೆಯನ್ನು ತಾವೇ ಶುಚಿ ಮಾಡುತ್ತಿದ್ದರೆಂದು ಕನ್ನಡ ಶಾಲೆಯಲ್ಲಿ ಓದಿದವರು. ಶರಣರ ಕಾಯಕದ ಮಾತಂತೂ ಈ ನೆಲದ ಗಾಳಿಯಲ್ಲೇ ಇದೆ. ನಮ್ಮ ಕೊಳೆಯನ್ನು ನಾವೇ ತೆಗೆದೆವಲ್ಲ ಎಂದುಕೊಂಡು ಬೀಗಿದೆವು.

ಆದರೆ ಅದೇ ಮದರಸದಲ್ಲಿ ಇನ್ನೊಂದು ಪಾಠವೂ ಇತ್ತು. ದುಡಿದವನ ಬೆವರು ಆರುವ ಮುನ್ನ ಅವನ ಕೂಲಿ ಅವನ ಕೈಸೇರಬೇಕು ಎಂಬುದು ಆ ಪಾಠ. ಹಾಗಾದರೆ ಅವನಿಗೆ ಬೆವರುವ ಅವಕಾಶವನ್ನೇ ಕೊಡದೆ ಕೂಲಿ ಉಳಿಸಿಕೊಂಡವರನ್ನು ಏನೆನ್ನಬೇಕು? ಎರಡು ಮಕ್ಕಳನ್ನು ಓದಿಸುತ್ತಿರುವ ಪ್ಲಂಬರನ ಅರ್ಧ ದಿನದ ದುಡಿಮೆ ನಮ್ಮ ಸ್ವಾವಲಂಬನೆಗೆ ಬಲಿಯಾಯಿತಲ್ಲವೇ? ಇದು ಸುಲಭದ ಪ್ರಶ್ನೆಯಲ್ಲ. ಪೂರ್ತಿ ತಾನೇ ಮಾಡಿಕೊಳ್ಳುವವನ ಊರಿನಲ್ಲಿ ಕಸುಬುದಾರ ಬದುಕಲಾರ. ಏನನ್ನೂ ತಾನು ಮಾಡದವನ ಮನೆಯಲ್ಲಿ ಕಸುಬುದಾರನಿಗೆ ಮರ್ಯಾದೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡದೊಂದು ವ್ಯತ್ಯಾಸವಿದೆ. ನಾವು ಆ ನಾತವನ್ನು ಕುಡಿದದ್ದು ಒಂದು ದಿನ. ಅದೂ ನಮ್ಮಿಷ್ಟದಿಂದ. ಹಿತ್ತಲಿಗೆ ಓಡುವ ಸ್ವಾತಂತ್ರ್ಯ ನಮಗಿತ್ತು. ನಮ್ಮ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಾವೇರಿಯ ಬೆಳಕು ತಲುಪಿದ ಆ ಗಣಿಯೂರಿನಲ್ಲಿ, ಅದಾಗಿ ಎಷ್ಟೋ ದಶಕಗಳ ನಂತರವೂ, ಒಣ ಪಾಯಖಾನೆಗಳನ್ನು ಮನುಷ್ಯರು ಕೈಯಲ್ಲಿ ಬಳಿಯುತ್ತಿದ್ದರು. ಅಂಥ ಕುಟುಂಬವೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಅನ್ಯಾಯದ ವಿರುದ್ಧ ಅಲ್ಲಿಂದಲೇ ಹೋರಾಟ ಆರಂಭಿಸಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ್ದರು. 1993ರಲ್ಲಿ ಕೇಂದ್ರದ ಕಾನೂನು ಬಂತು, 2013ರಲ್ಲಿ ಮತ್ತೊಂದು ಬಂತು. ಆದರೂ ಮ್ಯಾನ್‌ಹೋಲಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಅವರ ಮುಂದೆ ನಿಂತು, ನಮ್ಮ ಕೆಲಸ ನಾವೇ ಮಾಡಿಕೊಂಡೆವು ಎಂದು ಹೇಳಲು ನಾಲಗೆ ಏಳುವುದೇ? ಒಂದು ದಿನ ಮಾಡಿದವನಿಗೆ ಅದು ಆದರ್ಶ. ದಿನವೂ ಮಾಡಲೇಬೇಕಾದವನಿಗೆ ಅದು ಹಣೆಬರಹ. ಎರಡನ್ನೂ ಕಾಯಕ ಎಂಬ ಒಂದೇ ಹೆಸರಿನಿಂದ ಕರೆದುಬಿಟ್ಟರೆ ನಮ್ಮ ಮನಸ್ಸು ಹಗುರವಾಗಬಹುದು, ಅವನ ಹೊರೆ ಹಗುರವಾಗುವುದಿಲ್ಲ.

ನಮ್ಮ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೆ ಹೋಗುತ್ತಾನೆ. ಕಬ್ಬಿಣ ಇದ್ದವರು ಭಿಕ್ಷುಕನಲ್ಲಿ ಮನುಷ್ಯನನ್ನು ಕಾಣಲಿಲ್ಲ, ಅವನನ್ನು ಕಾಡಿದರು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಜನ ಸಾಲಾಗಿ ಕುಳಿತು ಉಣ್ಣುತ್ತಾರೆ. ಅದನ್ನು ನೆನೆದಾಗಲೆಲ್ಲ ಹೆಮ್ಮೆ ಎನಿಸುತ್ತದೆ. ಆದರೆ ಜೊತೆಯಲ್ಲಿ ಉಣ್ಣುವುದು ಸಮಾನತೆಯ ಅರ್ಧ ಭಾಗ ಮಾತ್ರ. ಉಂಡೆದ್ದ ಮೇಲೆ ಪಾತ್ರೆ ತಿಕ್ಕುವವರು ಯಾರು ಎಂಬುದರಲ್ಲಿ ಉಳಿದರ್ಧವಿದೆ. ಜಾತ್ರೆಯ ಮಾತು ಹಾಗಿರಲಿ, ನಮ್ಮ ನಮ್ಮ ಮನೆಗಳಲ್ಲಿ?

ಇಲ್ಲಿಗೆ ಬಂದಾಗ ಹೇಳಲೇಬೇಕಾದ ಮಾತೊಂದಿದೆ. ಸಿಂಕ್ ಕೀಳುವ ಮುನ್ನ ನಾವು ಮಾಡಿದ ಮೊಟ್ಟಮೊದಲ ಕೆಲಸವೆಂದರೆ ಅದರ ಕೆಳಗಿದ್ದ ಒಂದು ಇಟ್ಟಿಗೆಯನ್ನು ಕಾಲಿನಿಂದ ಆಚೆ ತಳ್ಳಿದ್ದು. ಆ ಇಟ್ಟಿಗೆ ನಾವು ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಸವೆದು ಮಧ್ಯದಲ್ಲಿ ತಗ್ಗಾಗಿತ್ತು. ಚಿಕ್ಕಂದಿನಲ್ಲಿ ಎಷ್ಟೋ ಸಲ ಅದನ್ನು ಎಡವಿ ಬಿದ್ದಿದ್ದೇವೆ, ಇದನ್ನು ಇಲ್ಲೇಕೆ ಇಟ್ಟಿದ್ದೀರಿ ಎಂದು ಅಮ್ಮಿಯ ಮೇಲೆ ರೇಗಿದ್ದೇವೆ. ಸಿಂಕ್ ಹೋದ ಖಾಲಿ ಗೋಡೆಯನ್ನು ನೋಡುತ್ತ ನಿಂತ ಅಮ್ಮಿ ಅಂದು ಹೇಳಿದರು, “ಮೇರೆಕೂ ಹಮೇಶಾ ಊಂಚಾಚ್ ಥಾ.” ತನಗೆ ಅದು ಯಾವಾಗಲೂ ಎತ್ತರವೇ ಆಗಿತ್ತು ಎಂದು.

ಅಮ್ಮಿಯ ಎತ್ತರ ಐದಡಿಯೂ ಇಲ್ಲ. ಆರಡಿ ದಾದಾ ಕೊಟ್ಟ ಅಳತೆಯ ಮುಂದೆ, ಆ ಇಟ್ಟಿಗೆಯ ಮೇಲೆ ತುದಿಗಾಲಿನಲ್ಲಿ ನಿಂತು, ನಮ್ಮೆಲ್ಲರ ಎಂಜಲು ತಟ್ಟೆಗಳನ್ನು ಅರ್ಧ ಶತಮಾನ ತೊಳೆದಿದ್ದಾರೆ. ದಾದಾ ಆ ಸಿಂಕಿನಲ್ಲಿ ಒಂದು ಲೋಟವನ್ನೂ ತೊಳೆದವರಲ್ಲ. ಅಬ್ಬಾ ತೊಳೆದಿಲ್ಲ. ನಾವೂ ತೊಳೆದಿಲ್ಲ. ಭುಜ ನೋವೆಂದು ಅಮ್ಮಿ ಅಂದಾಗ ಮುಲಾಮು ತಂದುಕೊಟ್ಟಿದ್ದೇವೆ, ಆ ಇಟ್ಟಿಗೆ ಏಕಿದೆ ಎಂದು ಒಮ್ಮೆಯೂ ಯೋಚಿಸಿಲ್ಲ. “ಮೊದಲೇ ಹೇಳಬಾರದಿತ್ತೇ ಅಮ್ಮಿ?” ಎಂದು ಕೇಳಿದ್ದಕ್ಕೆ, “ಕೇಳಿದ್ದರೆ ಹೇಳುತ್ತಿದ್ದೆ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಉರ್ದುವಿನ 'ಹಮ್' ಎಂಬ ಪದಕ್ಕೆ ನಾವು ಎಂದೂ ಅರ್ಥ, ನಾನು ಎಂದೂ ಅರ್ಥ. ನಮ್ಮ ಮನೆ, ನಮ್ಮ ಅಡುಗೆ, ನಮ್ಮ ಸಿಂಕ್ ಎಂದು ಹೇಳುತ್ತ ಬಂದೆವಲ್ಲ, ಆ 'ನಮ್ಮ'ದೊಳಗೆ ಅಮ್ಮಿ ಎಷ್ಟಿದ್ದರು? ಉಣ್ಣುವಾಗಿನ ನಾವು ಬೇರೆ, ತೊಳೆಯುವಾಗಿನ ನಾವು ಬೇರೆ. ನಮ್ಮ ಕೆಲಸ ನಾವೇ ಮಾಡಿದೆವು ಎಂದು ಅಂದು ಬೀಗಿದೆವಲ್ಲ, ಹಾಗೆ ಹೇಳುವ ಹಕ್ಕು ಆ ಮನೆಯಲ್ಲಿ ಇದ್ದದ್ದು ಒಬ್ಬರಿಗೆ ಮಾತ್ರ. ಅವರು ಎಂದೂ ಹೇಳಿಕೊಂಡವರಲ್ಲ.

ಹಾಗಾದರೆ ನಾವೇ ಕಿತ್ತದ್ದು ವ್ಯರ್ಥವೇ? ಹಾಗನ್ನಿಸುವುದಿಲ್ಲ. ಪ್ಲಂಬರನಿಗೆ ಬಿಟ್ಟಿದ್ದರೆ ಅವನು ಇಟ್ಟಿಗೆಯನ್ನು ಹೊರಗೆಸೆದು, ಹಳೆಯ ಎತ್ತರದಲ್ಲೇ ಹೊಸ ಸಿಂಕ್ ಕೂರಿಸಿ ಹೋಗುತ್ತಿದ್ದ. ನಮಗೆ ಏನೂ ತಿಳಿಯುತ್ತಿರಲಿಲ್ಲ. ಕೈಯಾರೆ ಮಾಡಿದ ಕೆಲಸ ನಮ್ಮನ್ನು ದೊಡ್ಡವರನ್ನಾಗಿಸಲಿಕ್ಕಿಲ್ಲ, ಆದರೆ ಆ ಕೆಲಸದ ಬೆಲೆಯನ್ನು ಕಲಿಸುತ್ತದೆ. ಬೆಲೆ ತಿಳಿದ ಮೇಲೆ ಮಾಡಬೇಕಾದದ್ದು ಎರಡು. ಕೂಲಿಗೆ ಬಂದವನೊಡನೆ ಚೌಕಾಶಿ ನಿಲ್ಲಿಸುವುದು ಒಂದು, ದಿನವೂ ಅದನ್ನು ಮಾಡುತ್ತ ಬಂದವರನ್ನು ಕೂರಿಸಿಕೊಂಡು ಕೇಳುವುದು ಇನ್ನೊಂದು. ಎರಡನೆಯದು 46 ಕಿಲೋ ಬೀಡು ಎತ್ತುವುದಕ್ಕಿಂತ ಭಾರದ ಕೆಲಸ.

ಹೊಸ ಸಿಂಕ್ ಕೂರಿಸಲು ಅದೇ ಪ್ಲಂಬರನನ್ನು ಕರೆದೆವು. ಅವನು ಟೇಪು ಬಿಚ್ಚಿ, “ಎಲ್ಲಾರ ಮನೇಲೂ ಹಾಕದು ಇಷ್ಟೇ ಎತ್ರ ಸಾರ್” ಎಂದು ಗೋಡೆಗೆ ಗೆರೆ ಎಳೆಯಹೋದ. ಅವನನ್ನು ತಡೆದು ಅಮ್ಮಿಯನ್ನು ಕರೆದೆವು. ಅವರು ಬರಿ ನೆಲದ ಮೇಲೆ ನಿಂತು, ಪಾತ್ರೆ ತೊಳೆಯುವಂತೆ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಅವನು ಅಲ್ಲಿಗೆ ಗೆರೆ ಎಳೆದ. ಈಗ ಆ ಸಿಂಕ್ ನಮಗೆ ತಗ್ಗು. ಸೊಂಟ ಬಗ್ಗಿಸಿಯೇ ತೊಳೆಯಬೇಕು. ರಾತ್ರಿಯ ಊಟದ ಪಾತ್ರೆಗಳನ್ನು ಅಣ್ಣತಮ್ಮಂದಿರು ಸರದಿಯಲ್ಲಿ ತೊಳೆಯುತ್ತಿದ್ದೇವೆ. ಎಷ್ಟು ದಿನ ನಡೆಯುವುದೋ, ಅಮ್ಮಿಗೂ ನಂಬಿಕೆಯಿಲ್ಲ. ಇಟ್ಟಿಗೆಯನ್ನು ಎಸೆಯಬೇಡಿ ಎಂದು ಹೇಳಿ ಹಿತ್ತಲಲ್ಲಿ ಎತ್ತಿಡಿಸಿದ್ದಾರೆ.