ಮಕ್ಕಳ ವಿನಯಶಿಕ್ಷಣ

ಮಕ್ಕಳನ್ನು ಹೆತ್ತವರಿಗೆ ಚಿಂತೆಗಳು ಹಲವು. ಅನ್ನ, ಬಟ್ಟೆ, ಆರೋಗ್ಯ, ವಿದ್ಯೆ ಇವುಗಳ ಚಿಂತೆಯು ಎಲ್ಲರ ಕಣ್ಣಿಗೂ ಬೀಳುವಂಥದು. ಇವುಗಳ ಮರೆಯಲ್ಲಿ ಮತ್ತೊಂದು ಚಿಂತೆಯುಂಟು. 'ನಾಲ್ಕು ಜನರ ನಡುವೆ ನಮ್ಮ ಮಗುವು ಮರ್ಯಾದೆಯಿಂದ ನಡೆದುಕೊಂಡೀತೆ?' ಎಂಬುದೇ ಅದು. ಇದನ್ನು ಅಲ್ಪವೆಂದು ತಳ್ಳುವಂತಿಲ್ಲ. ಕಾಳಿದಾಸನು ರಘುವಂಶದ ಮೊದಲನೆಯ ಸರ್ಗದಲ್ಲಿ ದಿಲೀಪ ಮಹಾರಾಜನನ್ನು ವರ್ಣಿಸುತ್ತ, ಪ್ರಜೆಗಳಿಗೆ ವಿನಯವನ್ನು ಕಲಿಸಿ, ಅವರನ್ನು ಕಾಪಾಡಿ, ಪೋಷಿಸಿದುದರಿಂದ ಆತನೇ ಅವರಿಗೆ ನಿಜವಾದ ತಂದೆಯಾದನೆಂದೂ, ಹೆತ್ತ ತಂದೆಗಳು ಜನ್ಮಕ್ಕೆ ಮಾತ್ರ ಕಾರಣರಾದರೆಂದೂ ಹೇಳಿರುವನು. ಈ ಮೂರರಲ್ಲಿ ಕವಿಯು ಮೊದಲು ಎಣಿಸಿದುದು ವಿನಯವನ್ನೇ. ರಕ್ಷಣೆ ಪೋಷಣೆಗಳು ಅದರ ಹಿಂದೆ ಬಂದಿವೆ.

ವಿನಯವೆಂಬ ಶಬ್ದಕ್ಕೆ ನಮ್ರತೆಯೆಂತಲೂ ಶಿಕ್ಷಣವೆಂತಲೂ ಎರಡರ್ಥಗಳುಂಟು. ಅದರ ಮೂಲದಲ್ಲಿರುವ 'ನೀ' ಎಂಬ ಧಾತುವಿಗೆ ಕರೆದೊಯ್ಯುವುದು ಎಂದರ್ಥ. ಹಿಂದೆ ನಿಂತು ನೂಕುವುದು ಬೇರೆ, ಮುಂದೆ ನಡೆದು ಕರೆದೊಯ್ಯುವುದು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮನೆಗಳ ನಿತ್ಯವ್ಯವಹಾರವನ್ನು ನೋಡಿದರೆ, ಮಕ್ಕಳಿಗೆ ವಿನಯವನ್ನು ಕಲಿಸುವ ಕಾರ್ಯವು ತೋರುವಷ್ಟು ಸುಲಭವಾದುದಲ್ಲವೆಂದು ತಿಳಿಯುವುದು.

ಮನೆಗೆ ಗೌರವಸ್ಥರೊಬ್ಬರು ಬರುತ್ತಾರೆ. ತಾಯಿಯು ಐದು ವರ್ಷದ ಮಗುವನ್ನು ಮುಂದಕ್ಕೆ ತಂದು, 'ನಮಸ್ಕಾರ ಮಾಡು' ಎನ್ನುತ್ತಾಳೆ. ಮಗುವು ಹೊಸಬರನ್ನು ಕಂಡು ನಾಚಿ, ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅವಳ ಮುಖವು ಬಾಡುತ್ತದೆ. ಅತಿಥಿಗಳು ಹೋದಮೇಲೆ ಮಗುವಿಗೆ ಗದರಿಕೆ ತಪ್ಪಿದುದಲ್ಲ. ಇಲ್ಲಿ ನೊಂದುದು ಯಾವುದು? ಬಂದವರಿಗೆ ಅವಮಾನವೇನೂ ಆಗಲಿಲ್ಲ. ಮಗುವಿನ ನಾಚಿಕೆಯನ್ನು ಕಂಡು ಅವರು ನಕ್ಕು ಸುಮ್ಮನಾದರು. ನೊಂದುದು ತಂದೆತಾಯಿಗಳ ಅಭಿಮಾನ. ಮಗುವಿನ ನಡತೆಯನ್ನು ನಾವು ಅನೇಕವೇಳೆ ಮನೆಯ ಮುಂದಿನ ರಂಗವಲ್ಲಿಯಂತೆ ಭಾವಿಸುತ್ತೇವೆ. ಬಂದವರು ನೋಡಿ ಮೆಚ್ಚಲೆಂದೇ ಅದು ಇರುವುದೆಂದು ತಿಳಿಯುತ್ತೇವೆ.

ಇದನ್ನು ಕಂಡು ಕೆಲವರು, 'ಮನಸ್ಸಿನಲ್ಲಿ ಇಲ್ಲದ ಗೌರವವನ್ನು ಕೈಮುಗಿದು ತೋರಿಸೆಂದು ಮಗುವಿಗೆ ಹೇಳುವುದು ಕಪಟವನ್ನು ಕಲಿಸಿದಂತೆ. ಭಾವವು ತಾನಾಗಿ ಹುಟ್ಟಿದಾಗ ಕೈ ತಾನಾಗಿ ಮುಗಿಯಲಿ' ಎನ್ನುವರು. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಅಕ್ಷರಾಭ್ಯಾಸವನ್ನು ನೆನೆಯಿರಿ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸುವಾಗ ಆ ಮಗುವಿಗೆ ಅಕ್ಷರದ ಅರ್ಥವು ತಿಳಿದಿರುವುದೆ? ಕೈಯ ಅಭ್ಯಾಸವು ಮುಂದಾಗಿ, ಬುದ್ಧಿಯ ಅರಿವು ಅದನ್ನು ಹಿಂಬಾಲಿಸುತ್ತದೆ. ಅದನ್ನು ಯಾರೂ ಕಪಟವೆನ್ನರು. ವಿನಯವೂ ಹಾಗೆಯೇ ಕೈಯಿಂದ ಮನಸ್ಸಿಗೆ ಇಳಿಯಬಲ್ಲದು. ಆದರೆ ಈ ದೃಷ್ಟಾಂತದಲ್ಲಿಯೇ ಒಂದು ನಿಯಮವೂ ಅಡಗಿದೆ. ಮಗುವು ತಿದ್ದುವ ಅಕ್ಷರವನ್ನೇ ಹಿರಿಯರೂ ಬರೆಯುತ್ತಾರೆ, ಓದುತ್ತಾರೆ. ಮಗುವಿಗೆ ಒಂದು ಲಿಪಿಯನ್ನು ತಿದ್ದಿಸಿ ಹಿರಿಯರು ಮತ್ತೊಂದು ಲಿಪಿಯಲ್ಲಿ ವ್ಯವಹರಿಸಿದರೆ, ಮಗುವು ಕೊನೆಗೆ ಕಲಿಯುವುದು ಹಿರಿಯರ ಲಿಪಿಯನ್ನೇ.

ಕನ್ನಡವನ್ನಾಡುವ ಮನೆಗಳಲ್ಲಿ ಈ ಎರಡು ಲಿಪಿಗಳು ಎಲ್ಲಿ ಬೇರೆಯಾಗುವುವೆಂಬುದನ್ನು ನಮ್ಮ ಭಾಷೆಯೇ ತೋರಿಸಿಕೊಡುತ್ತದೆ. ಬಾರೋ, ಬಾ, ಬಾಪ್ಪ, ಬನ್ನಿ, ಬರಬೇಕು, ದಯಮಾಡಿಸಬೇಕು: ಕರೆಯುವ ಒಂದೇ ಕ್ರಿಯೆಗೆ ಇಷ್ಟು ಮೆಟ್ಟಿಲುಗಳು. ನೀನು ನೀವು, ಅವನು ಆತ ಅವರು ಎಂಬ ಭೇದಗಳು ಬೇರೆ. ಇವುಗಳನ್ನು ಯಾವ ಉಪಾಧ್ಯಾಯನೂ ಪಾಠಹೇಳಿ ಕಲಿಸುವುದಿಲ್ಲ. ಆದರೂ ಆರು ವರ್ಷದ ಮಗುವು, ಕಛೇರಿಯ ಅಧಿಕಾರಿಗಳು ಬಂದರೆ 'ಅಪ್ಪಾ, ಯಾರೋ ಬಂದಿದ್ದಾರೆ' ಎಂದು ಒಳಗೆ ಓಡಿಹೋಗಿ ಹೇಳುತ್ತದೆ. ಎಪ್ಪತ್ತು ವರ್ಷದ ಮುದುಕನೊಬ್ಬನು ತೆಂಗಿನ ಗರಿ ಹೊತ್ತು ಹಿತ್ತಿಲ ಬಾಗಿಲಿಗೆ ಬಂದರೆ 'ಅಪ್ಪಾ, ಅವನು ಬಂದಿದ್ದಾನೆ' ಎಂದು ಕೂತಲ್ಲಿಂದಲೇ ಕೂಗುತ್ತದೆ. ವಯಸ್ಸಿನಲ್ಲಿ ಹಿರಿಯರಿಗೆ ಗೌರವ ತೋರಬೇಕೆಂದು ಆ ಮಗುವಿಗೆ ನೂರು ಸಲ ಹೇಳಿಕೊಟ್ಟಿರಬಹುದು. ಆದರೆ ಯಾವ ಮುಪ್ಪಿಗೆ ಗೌರವ, ಯಾವ ಮುಪ್ಪಿಗೆ ಇಲ್ಲ ಎಂಬ ಅಪವಾದಸೂತ್ರವನ್ನು ಅದು ಮನೆಯವರ ಬಾಯಿಂದ ತಾನೇ ಆರಿಸಿಕೊಂಡಿತು. ಬೀದಿ ಗುಡಿಸಲು ಬರುವ ಪೌರಕಾರ್ಮಿಕರು, ಪಾತ್ರೆ ತೊಳೆಯುವವರು, ಬಾಗಿಲಿಗೆ ಸಾಮಾನು ತಂದುಕೊಡುವ ತರುಣರು ಇವರೆಲ್ಲರ ವಿಷಯದಲ್ಲಿಯೂ ಮಗುವು ಹೀಗೆಯೇ ಕಿವಿಗೊಟ್ಟು ಕಲಿಯುತ್ತಿರುವುದು.

ಏಕವಚನವೆಲ್ಲ ತಿರಸ್ಕಾರವೆಂದು ಇದರ ಅರ್ಥವಲ್ಲ. ದೇವರನ್ನು ನಾವು 'ನೀನು' ಎಂದೇ ಕರೆಯುತ್ತೇವೆ. ಎಷ್ಟೋ ಮನೆಗಳಲ್ಲಿ ತಂದೆಯನ್ನು ನೀವೆಂದೂ ತಾಯಿಯನ್ನು ನೀನೆಂದೂ ಕರೆಯುವ ರೂಢಿಯಿದೆ. ಅದರಿಂದ ತಾಯಿಯ ಹಿರಿಮೆಗೆ ಕುಂದಿಲ್ಲ. ಗೆಳೆಯರ ನಡುವೆ ಬಹುವಚನವು ಬಂದರೆ ಏನೋ ವಿರಸ ಹುಟ್ಟಿತೆಂದೇ ತಿಳಿಯಬೇಕು. ಪ್ರೀತಿಯ ಏಕವಚನವು ಎರಡು ಕಡೆಯಿಂದಲೂ ನಡೆಯುತ್ತದೆ, ಇಲ್ಲವೆ ಮಮತೆಯಿಂದ ತುಂಬಿರುತ್ತದೆ. ತಿರಸ್ಕಾರದ ಏಕವಚನವು ಒಂದೇ ಕಡೆಗೆ ಹರಿಯುವ ನೀರು. ಮೇಲಿನವನು ಕೆಳಗಿನವನಿಗೆ ಅನ್ನಬಹುದು, ಕೆಳಗಿನವನು ತಿರುಗಿ ಅನ್ನುವಂತಿಲ್ಲ. ಮಕ್ಕಳ ಕಿವಿಯು ಈ ಎರಡನ್ನೂ ಬೇರೆಮಾಡಿ ಗುರುತಿಸುವುದು. ಆದುದರಿಂದ ನಾವು ಬರಿಯ ಪ್ರತ್ಯಯವನ್ನು ತಿದ್ದಿದರೆ ಸಾಲದು, ದನಿಯನ್ನೂ ತಿದ್ದಿಕೊಳ್ಳಬೇಕು.

ಗೌರವವು ಎರಡು ಕಡೆಯಿಂದಲೂ ನಡೆಯಬೇಕೆಂಬ ತತ್ತ್ವವು ಹೊಸದಲ್ಲ. ಹಿಂದೆ ಶಿಷ್ಯನು ತನ್ನ ಹೆಸರನ್ನು ಹೇಳಿ ಅಭಿವಾದನ ಮಾಡಿದರೆ, ಗುರುವು ಆಯುಷ್ಯವನ್ನು ಹಾರೈಸಿ, ಶಿಷ್ಯನ ಹೆಸರನ್ನು ಉಚ್ಚರಿಸಿ, ಅದರ ಕೊನೆಯ ಸ್ವರವನ್ನು 3 ಮಾತ್ರೆಗಳ ಕಾಲ ಎಳೆದು ಪ್ರತ್ಯಭಿವಾದನ ಮಾಡಬೇಕಾಗಿತ್ತು. ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದಲ್ಲಿ ಇದಕ್ಕೆ ಸೂತ್ರವನ್ನೇ ರಚಿಸಿರುವನು. ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ಹೇಳಿರುವ ಪ್ರಯೋಜನಗಳಲ್ಲಿ, ಈ ಸ್ವರವನ್ನು ಸರಿಯಾಗಿ ಎಳೆಯಲು ತಿಳಿದಿರಬೇಕೆಂಬುದೂ ಒಂದು. ಪ್ರತ್ಯಭಿವಾದನವನ್ನು ಅರಿಯದವನಿಗೆ ತಿಳಿದವನು ಅಭಿವಾದನ ಮಾಡಬೇಕಾದುದಿಲ್ಲವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೇಳುವುದು. ಕಿರಿಯನ ನಮಸ್ಕಾರವು ಹಿರಿಯನಿಗೆ ಸಲ್ಲುವ ತೆರಿಗೆಯಲ್ಲ. ಹಿರಿಯನು ಅದನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಕೂಡದು.

ಇಷ್ಟು ಸೂಕ್ಷ್ಮವಾದ ಈ ನಿಯಮದಲ್ಲಿಯೇ ಒಂದು ಕಳಂಕವೂ ಸೇರಿಕೊಂಡಿತು. ನಮಸ್ಕರಿಸಿದವನು ಶೂದ್ರನಾದರೆ ಆ ಸ್ವರವನ್ನು ಎಳೆಯಬೇಕಾದುದಿಲ್ಲವೆಂದು ಸೂತ್ರವೇ ಹೇಳಿತು; ವಾರ್ತಿಕಕಾರನು ಸ್ತ್ರೀಯರನ್ನೂ ಹೊರಗಿಟ್ಟನು. ಒಂದು ಸ್ವರವನ್ನು ಎಳೆಯಲು ತಗಲುವ ಕಾಲವೆಷ್ಟು? ಅಷ್ಟನ್ನೂ ಕೊಡದೆ ಉಳಿಸಿಕೊಂಡುದರಿಂದ, ಮನುಷ್ಯನಿಗೆ ಸಲ್ಲಬೇಕಾದುದು ಮೆಟ್ಟಿಲಿಗೆ ಸಲ್ಲತೊಡಗಿತು. ಈ ಕಳಂಕವನ್ನು ತೊಡೆದವರು ಕನ್ನಡ ನಾಡಿನಲ್ಲಿಯೇ ಹುಟ್ಟಿದರೆಂಬುದು ನಮಗೆ ಸಮಾಧಾನದ ವಿಷಯ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿರಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ. ಕಾಯಕವು ಹೆಸರಿನ ಮುಂದೆ ನಿಂತಿದೆ. ಅಯ್ಯನೆಂಬ, ಅಮ್ಮನೆಂಬ ಗೌರವವು ಹೆಸರಿನಲ್ಲಿಯೇ ಬೆರೆತಿದೆ. ಅವರನ್ನು ಅಗೌರವದಿಂದ ಕರೆಯಬೇಕೆಂದರೂ ಹೆಸರೇ ಅದಕ್ಕೆ ಎಡೆಗೊಡದು. ಪಾಣಿನೀಯರು ಎಳೆಯದೆ ಬಿಟ್ಟ ಸ್ವರವನ್ನು ಶರಣರು ಹೀಗೆ ಎಳೆದರು.

1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದರ ಆಚರಣೆಯು ದಂಡನಾರ್ಹವಾಯಿತು. ಶಾಸನವು ಕೃತ್ಯವನ್ನು ತಡೆಯಬಲ್ಲದು. ಆದರೆ ಹಿತ್ತಿಲ ಬಾಗಿಲಲ್ಲಿ ನಿಂತವರನ್ನು ಯಾವ ದನಿಯಲ್ಲಿ ಮಾತನಾಡಿಸುವರೆಂಬುದನ್ನು ಕೇಳಲು ನ್ಯಾಯಾಧೀಶರು ಅಲ್ಲಿ ಕುಳಿತಿರುವುದಿಲ್ಲ. ಅಲ್ಲಿ ಕುಳಿತಿರುವುದು ಮಗು.

ಇನ್ನು, ಮಗುವಿಗೇ ಸಲ್ಲಬೇಕಾದ ಮರ್ಯಾದೆಯ ವಿಷಯವನ್ನು ವಿಚಾರಮಾಡೋಣ. ದೊಡ್ಡವರು ಮಾತನಾಡುವಾಗ ನಡುವೆ ಬಾಯಿಹಾಕಬಾರದೆಂದು ಮಕ್ಕಳಿಗೆ ಹೇಳುತ್ತೇವೆ. ಮಗುವು ಶಾಲೆಯಿಂದ ಬಂದು ಏನನ್ನೋ ಸಂಭ್ರಮದಿಂದ ಹೇಳತೊಡಗಿದರೆ, ತಂದೆಯ ಕಣ್ಣು ಕೈಯಲ್ಲಿರುವ ಮೊಬೈಲಿನ ಮೇಲೆಯೇ ಇರುತ್ತದೆ. ಅರ್ಧದಲ್ಲಿ 'ಆಯಿತು, ಹೋಗು' ಎಂಬ ಉತ್ತರ ಬರುತ್ತದೆ. ಸುಳ್ಳು ಹೇಳಬಾರದೆಂದು ಕಲಿಸುತ್ತೇವೆ. ಬೇಡದವರು ಬಂದಾಗ 'ಅಪ್ಪ ಮನೆಯಲ್ಲಿಲ್ಲವೆಂದು ಹೇಳು' ಎಂದು ಕಳುಹಿಸುತ್ತೇವೆ. ತಪ್ಪು ಮಾಡಿದರೆ ಕ್ಷಮೆ ಕೇಳೆಂದು ಮಗುವಿಗೆ ಹೇಳುವ ಮನೆಯಲ್ಲಿ, ನಿಷ್ಕಾರಣವಾಗಿ ಗದರಿದ ತಂದೆಯು ಮಗುವಿನ ಕ್ಷಮೆ ಕೇಳಿದುದು ಎಷ್ಟು ಸಲ ನಡೆದೀತು?

ಕಠೋಪನಿಷತ್ತಿನ ಕಥೆಯನ್ನು ಕೇಳದವರು ವಿರಳ. ಹಾಲು ಬತ್ತಿದ ಮುದಿ ಹಸುಗಳನ್ನು ತಂದೆಯು ದಾನಕೊಡುತ್ತಿದ್ದುದನ್ನು ನೋಡಿ ಬಾಲಕ ನಚಿಕೇತನು, 'ನನ್ನನ್ನು ಯಾರಿಗೆ ಕೊಡುವೆ?' ಎಂದು ಎರಡು ಮೂರು ಸಲ ಕೇಳಿದನು. ತಂದೆಯು ಕೋಪದಿಂದ, ಮೃತ್ಯುವಿಗೆ ಕೊಟ್ಟೆನೆಂದನು. ಇಂದಿನ ಎಷ್ಟೋ ತಂದೆಗಳು ನಚಿಕೇತನನ್ನು ಅಧಿಕಪ್ರಸಂಗಿಯೆಂದೇ ಕರೆದಾರು. ಉಪನಿಷತ್ತು ಮಾತ್ರ, ಆ ಬಾಲಕನಲ್ಲಿ ಶ್ರದ್ಧೆಯು ನೆಲೆಗೊಂಡಿತೆಂದು ಹೇಳುತ್ತದೆ. ಯಮನ ಮನೆಯಲ್ಲಿ ವರವನ್ನು ಬೇಡುವಾಗ ಅವನು ಮೊದಲು ಬೇಡಿದುದು ತಂದೆಯ ಕೋಪವು ಶಾಂತವಾಗಲೆಂದು. ಪ್ರಶ್ನೆಯೂ ಪ್ರೀತಿಯೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಇನ್ನೂ ಗಮನಿಸತಕ್ಕ ಮಾತೊಂದುಂಟು. ಅತಿಥಿಯಾದ ಬಾಲಕನು 3 ರಾತ್ರಿ ಉಪವಾಸವಿರಬೇಕಾಯಿತೆಂದು ತಿಳಿದ ಯಮನು ಆತನಿಗೆ ನಮಸ್ಕರಿಸಿ, ಅದಕ್ಕೆ ಪ್ರತಿಯಾಗಿ 3 ವರಗಳನ್ನು ಕೊಟ್ಟನು. ಸಕಲ ಪ್ರಾಣಿಗಳೂ ಅಂಜುವ ದೇವತೆಯು ಹುಡುಗನೊಬ್ಬನ ಮುಂದೆ ತನ್ನ ಮನೆಯಲ್ಲಾದ ಲೋಪವನ್ನು ಒಪ್ಪಿಕೊಳ್ಳಬಹುದಾದರೆ, ಗೃಹಸ್ಥನೊಬ್ಬನು ಒಪ್ಪಿಕೊಳ್ಳುವುದರಿಂದ ಅವನ ಘನತೆಗೆ ಯಾವ ಹಾನಿ?

ಈಗ ಎಲ್ಲಕ್ಕಿಂತ ಕಠಿನವಾದ ಪ್ರಸಂಗವು ಉಳಿದಿದೆ. ಗೃಹಸ್ಥನು ಇವೆಲ್ಲವನ್ನೂ ಯೋಚಿಸಿ, ಕೆಲಸಕ್ಕೆ ಬರುವ ಮುದುಕನನ್ನು 'ಬನ್ನಿ, ಕೂತುಕೊಳ್ಳಿ' ಎಂದು ಕರೆಯತೊಡಗಿದನೆನ್ನೋಣ. ಮನೆಯಲ್ಲಿ ವೃದ್ಧನಾದ ತಂದೆಯಿರುವನು. ಆತನಿಗೆ ಇದು ಹಿಡಿಸದು. 'ಆಳುಗಳಿಗೆಲ್ಲ ಬಹುವಚನವಾದರೆ ಮನೆಯ ಮರ್ಯಾದೆಯು ಉಳಿಯುವುದೆ?' ಎನ್ನುವನು; ಮುದುಕನನ್ನು ತಾನು ಎಂದಿನಂತೆ ಏಕವಚನದಲ್ಲಿಯೇ ಕರೆಯುವನು. ಮಗುವು ಎರಡನ್ನೂ ಕೇಳುವುದು. ತಾತನನ್ನು ಮಗುವಿನೆದುರಿಗೇ ಖಂಡಿಸಿದರೆ ಹಿರಿಯರಿಗೆ ಅವಿನಯವನ್ನು ತೋರಿಸಿದಂತಾಯಿತು. ಸುಮ್ಮನಿದ್ದರೆ ಕೆಲಸದವರಿಗೆ ಅವಿನಯವಾಗುವುದನ್ನು ಒಪ್ಪಿದಂತಾಯಿತು. ಒಂದು ವಿನಯವನ್ನು ಉಳಿಸಲು ಮತ್ತೊಂದನ್ನು ಬಿಡಬೇಕೆ?

ಇದಕ್ಕೆ ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ದಾರಿತೋರಿಸುವುದು. ತಾಯಿಯನ್ನೂ ತಂದೆಯನ್ನೂ ಗುರುವನ್ನೂ ಅತಿಥಿಯನ್ನೂ ದೇವರಂತೆ ಕಾಣೆಂದು ಗುರುವು ವಿದ್ಯೆ ಮುಗಿಸಿದ ಶಿಷ್ಯನಿಗೆ ಹೇಳಿದುದು ಎಲ್ಲರ ನಾಲಗೆಯ ಮೇಲೂ ಇದೆ. ಅದರ ಬೆನ್ನಿಗೇ ಆತನು ಹೇಳಿದ ಮಾತನ್ನು ಬಹುಮಂದಿ ಮರೆತಿರುವರು. ನಮ್ಮ ನಡೆಗಳಲ್ಲಿ ಒಳ್ಳೆಯವು ಯಾವುವೋ ಅವನ್ನು ಮಾತ್ರ ಅನುಸರಿಸು, ಉಳಿದುವನ್ನಲ್ಲ ಎಂಬುದೇ ಆ ಮಾತಿನ ತಾತ್ಪರ್ಯ. ದೇವರಂತೆ ಕಾಣೆಂದ ಗುರುವೇ, ತನ್ನಲ್ಲಿ ಅನುಸರಿಸಬಾರದ ನಡೆಯೂ ಇರಬಹುದೆಂದು ತಾನಾಗಿ ಒಪ್ಪಿರುವನು. ಹಿರಿಯರಲ್ಲಿ ಭಕ್ತಿಯೂ ಹಿರಿಯರ ನಡೆಯಲ್ಲಿ ವಿವೇಚನೆಯೂ ಪರಸ್ಪರ ವಿರೋಧಿಗಳಲ್ಲವೆಂದು ಇದರಿಂದ ಸಿದ್ಧವಾಗುವುದು.

ಆದುದರಿಂದ ಆ ಗೃಹಸ್ಥನು ತಂದೆಯೊಡನೆ ವಾದಿಸಬೇಕಾದರೆ ಏಕಾಂತದಲ್ಲಿ ವಾದಿಸಲಿ. ತಾನು ಮಾತ್ರ ಬಹುವಚನವನ್ನು ಬಿಡದಿರಲಿ. ಮಗುವು, 'ತಾತ ಹಾಗೆನ್ನುತ್ತಾರೆ, ನೀವು ಹೀಗೆನ್ನುತ್ತೀರಿ, ಯಾವುದು ಸರಿ?' ಎಂದು ಕೇಳಿದರೆ ಅದನ್ನು ಗದರಿಸದಿರಲಿ. 'ತಾತ ಚಿಕ್ಕವರಾಗಿದ್ದಾಗ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಆ ಅಜ್ಜನಿಗೂ ತಾತನಷ್ಟೇ ವಯಸ್ಸಾಗಿದೆ. ನಾವು ಹೀಗೆ ಅನ್ನೋಣ' ಎಂದರೆ ಸಾಕು. ಇದರಲ್ಲಿ ತಾತನ ನಿಂದೆಯಿಲ್ಲ, ಸತ್ಯದ ಲೋಪವೂ ಇಲ್ಲ. ಈ ದಾರಿಯಲ್ಲಿ ಮನೆಯೊಳಗೆ ಸ್ವಲ್ಪ ಬಿರುಸು ಹುಟ್ಟೀತು. ಕೆಲವು ದಿನ ವೃದ್ಧನ ಮುಖವು ಗಂಟಿಕ್ಕೀತು. ಆ ಬೆಲೆಯನ್ನು ತೆರದೆ ಮಗುವಿಗೆ ವಿನಯವನ್ನು ಕೊಡುವೆನೆಂಬುದು, ಬೀಜವನ್ನು ಕಣಜದಲ್ಲಿಟ್ಟುಕೊಂಡು ಬೆಳೆಯನ್ನು ಬಯಸಿದಂತೆ.

ಮಗುವು ದೊಡ್ಡದಾದಮೇಲೆ ಅತಿಥಿಗಳ ಮುಂದೆ ಚೆನ್ನಾಗಿ ಕೈಮುಗಿಯುವುದನ್ನು ಕಲಿತೇ ಕಲಿಯುವುದು. ಲೋಕವ್ಯವಹಾರವೇ ಅದನ್ನು ಕಲಿಸುವುದು. ತನಗೆ ಏನನ್ನೂ ಕೊಡಲಾರದವರ ಮುಂದೆ, ಯಾರೂ ನೋಡದಿರುವಾಗ, ಅದರ ದನಿಯು ಹೇಗಿರುವುದೆಂಬುದನ್ನು ಲೋಕವು ಕಲಿಸಲಾರದು. ಅಷ್ಟನ್ನು ಮನೆಯೇ ಕಲಿಸಬೇಕು.